ನಾಲ್ಕೂವರೆಯ ರಾಕ್ಷಸ

ಮೊಯ್ದುಕುಞಿಯವರು ಕಂತಿಗೆ ಕೊಟ್ಟ ಹಳೆ ಟಿವಿ
ನಮ್ಮಲ್ಲಿಗೆ ಬಂದದ್ದು ಪುರಂದರನಿಗಾಗಿ.
ಏಳು ವರ್ಷದ ತಮ್ಮ. ಚಾಪೆಯೇ ಅವನ ಊರು.
ಕುತ್ತಿಗೆ ತಲೆಯನ್ನು ಹೊರದು;
ಅತ್ತ ಒಂದು ದಿಂಬು, ಇತ್ತ ಒಂದು,
ನಡುವೆ ನನ್ನ ತೊಡೆ.

ನಾಲ್ಕೂವರೆಗೆ ಮೂವರು ಬರುತ್ತಿದ್ದರು.
ಬೆಳ್ಳಿ ಟೊಪ್ಪಿ, ಬೆಳ್ಳಿ ಬೂಟು,
ಬೆನ್ನಿಗೆ ಗಿರ್ರೆಂದು ತಿರುಗುವ ಫ್ಯಾನು.
ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಲೋಕ ಕಾಯುವವರದು ಮಾತ್ರ ಮಲಯಾಳ,
ಅದೂ ಅವರದ್ದಲ್ಲ:
ಬಾಯಿ ಮುಚ್ಚಿದ ಮೇಲೂ
ಮಾತು ಒಂದು ಗಳಿಗೆ ಹೆಚ್ಚು ಓಡುತ್ತಿತ್ತು.

ಕತೆ ದಿನಾ ಒಂದೇ.
ಊರ ಹೊರಗೆ ರಾಕ್ಷಸ ಏಳುತ್ತಾನೆ,
ಮೂವರು ಹಾರುತ್ತಾರೆ,
ಬೆಳಕು, ಹೊಗೆ, ಚೂರು ಚೂರು.
ಆಮೇಲೆ ಮೂವರೂ ಕಟ್ಟೆಯ ಮೇಲೆ ಕೂತು
ಐಸ್‌ಕ್ರೀಂ ತಿನ್ನುತ್ತಾರೆ.

ನೆರೆಯ ಮಕ್ಕಳು ಕಿಟಕಿಯಲ್ಲಿ ನಿಂತು
ಚಪ್ಪಾಳೆ ಹೊಡೆಯುವುದು ಆಗ.
ಪುರಂದರ ನಗುವುದು ಅದಕ್ಕೂ ಮೊದಲೇ,
ರಾಕ್ಷಸ ಏಳುವಾಗ.
ಗಂಟಲೊಳಗೆ ಗಂಜಿ ಕುದಿದ ಹಾಗೆ ನಗು,
ಮಡಚಿದ ಬೆರಳು ಪರದೆಯತ್ತ.
"ಬಣ್ಣ ಕಂಡರೆ ಖುಷಿ ಅವನಿಗೆ," ಅಂದಳು ಅಮ್ಮ.
ಇರಬಹುದು ಅಂದುಕೊಂಡೆ, ಬಹಳ ದಿನ.

ಒಂದು ಸಂಜೆ ಸರಿಯಾಗಿ ಅವನು ಎದ್ದಾಗ
ಕರೆಂಟು ಹೋಯಿತು.
ಕಪ್ಪು ಗಾಜಿನಲ್ಲಿ
ರಾಕ್ಷಸ ನಿಂತಿದ್ದ ಜಾಗದಲ್ಲೇ
ನನ್ನ ತಮ್ಮ.
ಅದೇ ತಲೆ. ಅದೇ ಓರೆ. ಅದೇ ಜೋತ ತುಟಿ.
ಅವನು ಇನ್ನೂ ನಗುತ್ತಿದ್ದ.

ಆಮೇಲೆ ನಾನು ಲೆಕ್ಕ ಇಡತೊಡಗಿದೆ,
ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ.
ಬೆರಳು ಅಂಟಿದವನು. ಮೈ ಸಿಪ್ಪೆ ಏಳುವವನು.
ನಾಲಗೆ ಒಳಗೆ ಹೋಗದವಳು.
ಏನು ಹೇಳಿದರೂ ಯಾರಿಗೂ ತಿಳಿಯದವನು.
ಸೊಟ್ಟ ಕಾಲಿನ ವೀರ? ಒಬ್ಬನೂ ಇಲ್ಲ.
ಒಮ್ಮೆ ಮಾತ್ರ ಅರ್ಧ ನಿಮಿಷ ಹೇಳಿದರು,
ಇವನೂ ಹುಡುಗನಾಗಿದ್ದ,
ಕಾರ್ಖಾನೆಯ ಚರಂಡಿಯ ಮದ್ದು ಕುಡಿದ, ಹೀಗಾದ.
ಬೆಳ್ಳಿ ಟೊಪ್ಪಿಯವನಿಗೆ ಬಲ ಬಂದದ್ದೂ
ಅದೇ ಕಾರ್ಖಾನೆಯ ಮದ್ದಿನಿಂದ.
ಒಬ್ಬನಿಗೆ ಹಾರಾಟ, ಒಬ್ಬನಿಗೆ ಗೂನು ಯಾಕೆ?
ಸೋಪಿನ ಜಾಹೀರಾತು ಬಂತು.

ಮದ್ದು ಅಂದರೆ ನಮ್ಮ ಕಡೆ
ಜ್ವರಕ್ಕೂ ಅದೇ, ಕೋವಿಗೂ ಅದೇ,
ಗೇರುಗುಡ್ಡೆಗೆ ಮೇಲಿನಿಂದ ಬಿಡುವುದಕ್ಕೂ ಅದೇ.
ಪುರಂದರ ಹುಟ್ಟುವ ವರ್ಷ, ನನಗೆ ಐದು,
ಪೆರ್ಲದ ಕಡೆಯಿಂದ ಜೀಪು ಬಂತು, ಮೈಕು:
ಬಾವಿಗೆ ಮಡಲು ಮುಚ್ಚಿ,
ದನಗಳನ್ನು ಒಳಗೆ ಕಟ್ಟಿ.
ಮಕ್ಕಳ ಮಾತು ಮೈಕಿನಲ್ಲಿ ಇರಲಿಲ್ಲ.
ಗಿರ್ರೆಂದ ಕೂಡಲೇ ಅಂಗಳಕ್ಕೆ ಓಡಿದೆ, ಕೈ ಬೀಸಿದೆ.
ಬಸುರಿ ಅಮ್ಮನೂ ಸೊಂಟ ಹಿಡಿದು ಬಂದು
ಕೈ ಬೀಸಿದಳು.
ಮೇಲಿದ್ದವನಿಗೆ ಟೊಪ್ಪಿ, ಮುಖಕ್ಕೆ ಮುಖವಾಡ.
ಅವನೂ ಬೀಸಿದ.
ಮುಖದ ಮೇಲೆ ತಣ್ಣಗೆ ಹನಿ ಬಿತ್ತು,
ನಾನು ನೆಕ್ಕಿ ನೋಡಿದ್ದೆ.

ಕರೆಂಟು ಹೋದ ಆ ಸಂಜೆಯ ಮರುದಿನದಿಂದ
ನಾಲ್ಕು ಐವತ್ತಕ್ಕೆ, ಮೂವರು ಹಾರುವ ಮೊದಲೇ,
ನಾನು ಎದ್ದು ಟಿವಿ ಆರಿಸುತ್ತಿದ್ದೆ.
ಕಿಟಕಿಯ ಮಕ್ಕಳು ಬೈದು ಬೇರೆ ಮನೆ ಹುಡುಕಿದರು.
ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿ
ಯಾವ ರಾಕ್ಷಸನೂ ಸಾಯಲಿಲ್ಲ.
ಪುರಂದರ ಪರದೆ ನೋಡುತ್ತಲೇ ನಿದ್ದೆ ಹೋಗುತ್ತಿದ್ದ,
ಗೆದ್ದವರ ಹಾಗೆ ಬಾಯಿ ತೆರೆದು.

ಬೊಜ್ಜ ಮುಗಿದ ಮರುದಿನ
ಟಿವಿ ಹಾಕಿದವಳು ಅಮ್ಮ.
ಚಾಪೆ ಸುತ್ತಿ ಗೋಡೆಗೆ ಒರಗಿಸಿತ್ತು.
ನಾಲ್ಕು ಐವತ್ತಾಯಿತು. ನಾನು ಏಳಲಿಲ್ಲ.
ಬೆಳಕು. ಹೊಗೆ.
ಮೂವರೂ ಐಸ್‌ಕ್ರೀಂ ತಿನ್ನುತ್ತಿರುವಾಗ
ಅಮ್ಮ ಕೇಳಿದಳು, ನನ್ನನ್ನಲ್ಲ, ಟಿವಿಯನ್ನೇ:

"ಅವನ ಅಮ್ಮನನ್ನು ಒಂದು ದಿನವೂ
ತೋರಿಸಲಿಲ್ಲ, ಅಲ್ಲವಾ?"